ಆಲ್ಟರ್ನೇಟ್ ಆಗಿರೋ ಮಗು ಈಜು ಮೀಟ್‌ಗೆ ಹೋಗ್ಬೇಕಾ?

ಪ್ರಶ್ನೆ: ಮೇಡಂ, ನಾವಿರೋದು ಅಮೆರಿಕದ ವರ್ಜೀನಿಯಾದ ಫೇರ್‌ಫ್ಯಾಕ್ಸ್ ಹತ್ರ. ಹತ್ತು ವರ್ಷದ ಮಗಳು ನಾರ್ದರ್ನ್ ವರ್ಜೀನಿಯಾ ಸ್ವಿಮ್ಮಿಂಗ್ ಲೀಗಿನ ಒಂದು ಟೀಮಲ್ಲಿದಾಳೆ. ಈ ಶನಿವಾರದ ಮೀಟಲ್ಲಿ, ಅಂದ್ರೆ ಸ್ಪರ್ಧೇಲಿ, ಅವಳು ಬ್ಯಾಕ್‌ಸ್ಟ್ರೋಕ್‌ಗೂ ರಿಲೇಗೂ ಬರೀ ಆಲ್ಟರ್ನೇಟ್, ಅಂದ್ರೆ ಯಾರಾದ್ರೂ ಬರದಿದ್ರೆ ಮಾತ್ರ ಚಾನ್ಸ್. ಬೆಳಗ್ಗೆ ಬೆಳಗ್ಗೆ ಎದ್ದು ಹೋಗಿ ಈಜದೇ ವಾಪಸ್ ಬರೋದಕ್ಕೆ ಯಾಕೆ ಹೋಗ್ಬೇಕು ಅಂತಾರೆ ನಮ್ಮನೆಯವ್ರು. ಏನ್ ಮಾಡ್ಲಿ?

ಉತ್ತರ: ಕರ್ಕೊಂಡು ಹೋಗಿ. ನಿಮ್ಮ ಲೀಗಿನ ಶನಿವಾರದ ಮೀಟಲ್ಲಿ ಆರು ಲೇನು, ಒಂದು ರೇಸಿಗೆ ಒಂದು ಟೀಮಿಂದ ಮೂರೇ ಮಕ್ಕಳು, ಹಾಗಾಗಿ ನಾಲ್ಕನೇ ಟೈಮ್ ಇರೋ ಮಗು ಎಷ್ಟು ಚೆನ್ನಾಗಿ ಈಜಿದ್ರೂ ಹೊರಗೇ ಉಳಿಯತ್ತೆ. ಆದ್ರೆ ಜೂನ್ ಜುಲೈ ಅಂದ್ರೆ ರಜ, ಒಬ್ರು ಊರಿಗೆ ಹೋಗಿರ್ತಾರೆ, ಇನ್ನೊಬ್ರಿಗೆ ಕಿವಿನೋವು, ಲೈನಪ್ ಕೊನೇ ಗಳಿಗೇಲಿ ಬದಲಾಗೋದು ಅಲ್ಲಿ ಮಾಮೂಲಿ. ಹಾಗೆ ಜಾಗ ಖಾಲಿಯಾದಾಗ ಆಲ್ಟರ್ನೇಟ್ ಮನೇಲಿ ಮಲಗಿದ್ರೆ ಕೋಚ್ ಏನ್ ಮಾಡೋಕಾಗತ್ತೆ ಹೇಳಿ?

ಅದ್ರಲ್ಲೂ ರಿಲೇ. ನಾಲ್ಕರಲ್ಲಿ ಒಬ್ಳು ಬರ್ಲಿಲ್ಲ ಅಂದ್ರೆ ಬಂದಿರೋ ಮೂರು ಮಕ್ಕಳೂ ಕ್ಯಾಪ್ ಕನ್ನಡಕ ಹಾಕ್ಕೊಂಡು ಸುಮ್ನೆ ನಿಂತಿರ್ಬೇಕು. ಒಂಟಿ ರೇಸಲ್ಲಾದ್ರೆ ಮೂರನೇ ಸ್ಥಾನಕ್ಕೂ 1 ಪಾಯಿಂಟ್ ಸಿಗತ್ತೆ, ರಿಲೇಲಿ ಗೆದ್ದ ಟೀಮಿಗೆ 5, ಸೋತವ್ರಿಗೆ ಏನೂ ಇಲ್ಲ.

ಹಿಂದಿನ ದಿನಾನೇ ಮಗಳಿಗೆ ನೇರವಾಗಿ ಹೇಳಿ, ಚಾನ್ಸ್ ಸಿಗಬಹುದು, ಸಿಗದೇನೂ ಇರಬಹುದು ಅಂತ. ವಾರ್ಮ್‌ಅಪ್ ಎಲ್ಲರ ಜೊತೆ ಮಾಡ್ಲಿ. ಉಳಿದ ಮಕ್ಕಳ ತೋಳ ಮೇಲೆ ಮಾರ್ಕರಲ್ಲಿ ರೇಸ್ ನಂಬರು, ಲೇನ್ ನಂಬರು ಬರೆದಿರ್ತಾರೆ, ಇವಳ ತೋಳು ಖಾಲಿ ಇರತ್ತೆ, ಆ ವಯಸ್ಸಿಗೆ ಅದು ಚುಚ್ಚತ್ತೆ. ಆಗ ಪಕ್ಕದಲ್ಲಿ ನೀವಿರಿ, ಫೋನ್ ನೋಡ್ತಾ ಕೂರ್ಬೇಡಿ. ಅವಳ ರೇಸ್ ಮುಗಿಯೋವರೆಗೂ ತಿಂಡಿ ಜಾಸ್ತಿ ಕೊಡ್ಬೇಡಿ, ಒಂದು ಬಾಳೆಹಣ್ಣು ಸಾಕು.

ನಂಗೆ ನಿಜವಾಗ್ಲೂ ಸಿಟ್ಟು ಬರೋದು ಇನ್ನೊಂದು ಥರದ ಅಪ್ಪ ಅಮ್ಮಂದಿರ ಮೇಲೆ. ಬುಧವಾರಾನೇ ಗೊತ್ತಿರತ್ತೆ ಬರಲ್ಲ ಅಂತ, ಕೋಚಿಗೆ ಹೇಳೋಕೆ ಮುಜುಗರ, ಶನಿವಾರ ಬೆಳಗ್ಗೆ ಒಂದು ಮೆಸೇಜ್ ಹಾಕಿ ಬಿಡ್ತಾರೆ. ಜ್ವರ ಬಂದ್ರೆ ಯಾರೂ ಏನೂ ಅನ್ನಲ್ಲ, ಮಗೂನ ಮನೇಲೇ ಇಟ್ಕೊಳ್ಳಿ. ಆದ್ರೆ ಗೃಹಪ್ರವೇಶದ ಡೇಟು ರಾತ್ರೋರಾತ್ರಿ ಗೊತ್ತಾಗಲ್ವಲ್ಲ! ಗೊತ್ತಾದ ದಿನಾನೇ ಹೇಳಿದ್ರೆ ನಿಮ್ಮ ಮಗಳಂಥ ಇನ್ನೊಂದು ಮಗು ಎರಡು ದಿನ ಖುಷಿಯಾಗಿ ತಯಾರಾಗತ್ತೆ.

ಪ್ರಶ್ನೆ: ಬೆಂಗಳೂರಲ್ಲಿ ಬೇಸಿಗೆ ಮೀಟ್ ಒಂದರಲ್ಲಿ ಮಗ ಹೀಟ್ಸಲ್ಲಿ, ಅಂದ್ರೆ ಮೊದಲ ಸುತ್ತಲ್ಲಿ, ಒಂಬತ್ತನೇಯವನಾದ. ಫೈನಲ್‌ಗೆ ಎಂಟೇ ಜನ. ಕಾಯ್ಬೇಕಿತ್ತಾ?

ಉತ್ತರ: ಎಂಟು ಲೇನಿನ ಪೂಲಲ್ಲಿ ಒಂಬತ್ತನೇಯವನೇ ಮೊದಲ ರಿಸರ್ವ್, ಹತ್ತನೇಯವ್ನು ಎರಡನೇ ರಿಸರ್ವ್. ಹಾಗಾಗಿ ಹೌದು, ಕಾಯೋದು ಒಳ್ಳೇದಿತ್ತು. ಯಾರಾದ್ರೂ ಬಿಟ್ರೆ ಮೊದ್ಲು ಕರೆಯೋದು ಇವನನ್ನೇ. ಬೇಗ ಗೊತ್ತಾದ್ರೆ ಲೇನ್‌ಗಳನ್ನ ಹೊಸದಾಗಿ ಹಂಚ್ತಾರೆ, ತೀರಾ ತಡವಾದ್ರೆ ಆ ಲೇನ್ ಖಾಲಿ ಬಿಟ್ಟೇ ರೇಸ್ ಓಡ್ಸೋದೂ ಉಂಟು. ಮುಂದಿನ ಸಲ ಹೀಟ್ಸ್ ರಿಸಲ್ಟ್ ಬಂದ ತಕ್ಷಣ, ಹಿಂದೆ ಸರಿಯೋಕೆ ಎಷ್ಟು ಗಂಟೆವರೆಗೆ ಟೈಮ್ ಇದೆ ಅಂತ ಮೀಟ್ ನಡೆಸೋರ ಟೇಬಲ್ ಹತ್ರ ಕೇಳಿ, ಆಮೇಲೂ ಮಗನ್ನ ಕಾಲ್ ರೂಮ್ (ರೇಸಿಗೆ ಮುಂಚೆ ಈಜುಗಾರರನ್ನ ಸೇರಿಸೋ ಜಾಗ) ಹತ್ರಾನೇ ಇರೋಕೆ ಹೇಳಿ.