ಏಳನೇ ಪುಟದಿಂದ ಶುರುಮಾಡಿ

ಪ್ರಿಯರೇ, ನಮಸ್ಕಾರ.

ಆಂಧ್ರದ ಕುಪ್ಪಂನಿಂದ ನೀವು ಕಳಿಸಿದ, ಕೋಲಾರದ ಚಿನ್ನದ ಗಣಿಗಳ ಊರಾದ ಕೆಜಿಎಫ್‌ನ ಹಳೆಯ ಸ್ಮಶಾನದ ಮೇಲಿನ ಒಂಬತ್ತು ಪುಟದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅಚ್ಚು ಹಾಕಲಾರೆ. ವಾಪಸು ಕಳಿಸಿ ಸುಮ್ಮನಿರಲೂ ಮನಸ್ಸು ಒಪ್ಪುತ್ತಿಲ್ಲ. ಏಳನೇ ಪುಟದಲ್ಲಿ ಒಂದು ವಾಕ್ಯವಿದೆ, ಅದಕ್ಕಾಗಿ ಈ ಕಾಗದ.

ಮೊದಲ ಮೂರು ಪುಟ ತೆಗೆದುಹಾಕಿ. ಅಲ್ಲಿ 'ನೀರವ ಮೌನ' ಇದೆ, 'ಕಾಲಗರ್ಭ' ಇದೆ, ಸ್ಮಶಾನ ಮಾತ್ರ ಕಾಣುವುದಿಲ್ಲ. ಕಲ್ಲಿನ ಮೇಲಿನ ಅಕ್ಷರ ಓದಲು ಎಷ್ಟು ಬಗ್ಗಬೇಕಾಯಿತು? ಅಲ್ಲಿ ನಿಂತರೆ ಚಿನ್ನ ತೆಗೆದ ಮೇಲೆ ಉಳಿದ ಕಲ್ಲಿನ ಪುಡಿಯ ರಾಶಿ, ಆ ಸೈನೈಡ್ ಗುಡ್ಡ ಕಾಣುತ್ತದೆಯೇ? ಮಕ್ಕಳ ಗೋರಿಗಳು ಎಷ್ಟಿವೆ? ಹೋಗಿ ಬಂದವರು ನೀವು, ಓದುವವರಿಗೆ ತೋರಿಸಿ.

ಗೋರಿಗಳಲ್ಲಿ ಇರುವವರನ್ನೆಲ್ಲ 'ಬ್ರಿಟಿಷ್ ದೊರೆಗಳು' ಎಂದುಬಿಟ್ಟಿದ್ದೀರಿ. 1880ರಲ್ಲಿ ಗಣಿ ನಡೆಸಲು ಜಾನ್ ಟೇಲರ್ ಕಂಪನಿ ಇಲ್ಲಿಗೆ ಕಾಲಿಟ್ಟ ಮೇಲೆ ಬಂದವರಲ್ಲಿ ಬಹಳ ಮಂದಿ ಇಂಗ್ಲೆಂಡಿನ ಕಾರ್ನ್‌ವಾಲ್‌ನವರು. ಅಲ್ಲಿಯ ತಾಮ್ರ, ತವರದ ಗಣಿಗಳು ನೆಲಕಚ್ಚಿದಾಗ ಹೊಟ್ಟೆಪಾಡಿಗೆ ಹಡಗು ಹತ್ತಿದ ಗಣಿ ಮನೆತನದವರು. ಕೂಲಿಯಲ್ಲಿ, ಮನೆಯಲ್ಲಿ, ಮರ್ಯಾದೆಯಲ್ಲಿ ಅವರಿಗೂ ಗಣಿಗಿಳಿದು ದುಡಿದ ನಿಮ್ಮ ಅಜ್ಜನಂಥವರಿಗೂ ಅಜಗಜಾಂತರ, ಅದನ್ನು ಮುಚ್ಚಿಡಬೇಡಿ. ಊರು ಬಿಡಿಸಿದ ಹಸಿವನ್ನೂ ಬರೆಯಿರಿ.

ಎರಡು ತಪ್ಪು ತಿದ್ದಿಕೊಳ್ಳಿ. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು, 2003ರಲ್ಲಿ ಅಲ್ಲ. ಚಿನ್ನವನ್ನು ಬ್ರಿಟಿಷರು ಕಂಡುಹಿಡಿದರು ಎನ್ನುವುದೂ ಸರಿಯಲ್ಲ. 1802ರಲ್ಲಿ ಮೈಸೂರಿನ ಪೂರ್ವದ ಗಡಿ ಅಳೆಯಲು ಬಂದಿದ್ದ ಜಾನ್ ವಾರೆನ್ ಬಹುಮಾನ ಕೊಡುವೆನೆಂದಾಗ, ಉರಿಗಾಂ ಕಡೆಯ ಹಳ್ಳಿಯವರೇ ಅವನೆದುರು ಮಣ್ಣು ತೊಳೆದು ಚಿನ್ನ ತೋರಿಸಿದರು. ಗಡಿಯ ಈಚೆ ಕೂತು ಬರೆಯುವ ನಿಮಗೆ ಇದು ದಾಟಿಹೋಗುವ ವಿಷಯವಾಗಬಾರದಿತ್ತು.

ಇನ್ನು ಏಳನೇ ಪುಟ. 'ಅಜ್ಜನನ್ನು ಎಲ್ಲಿ ಹೂಳಿದರೋ ಅಜ್ಜಿಗೂ ಈಗ ಗುರುತಿಲ್ಲ, ಹತ್ತಿರ ಒಂದು ಹುಣಸೆ ಮರ ಇತ್ತು ಅನ್ನುತ್ತಾಳೆ.' ಇಷ್ಟು ಬರೆದು ಮತ್ತೆ ಕೆತ್ತಿದ ಕಲ್ಲುಗಳ ಹತ್ತಿರ ಓಡಿದ್ದೀರಿ. ಅಲ್ಲೇ ನಿಲ್ಲಬೇಕಿತ್ತು. ಇಡೀ ಲೇಖನದಲ್ಲಿ ನಿಮ್ಮದು ಎನ್ನುವ ಮಾತು ಅದೊಂದೇ.

ಅಜ್ಜಿಯ ಬಾಯಲ್ಲಿ ಬಂದ 'ನೆಲ ಗುದ್ದಿದ ರಾತ್ರಿ'ಯನ್ನು ನೀವು ಮುಂದಿನ ಸಾಲಿಗೇ 'ಶಿಲಾಸ್ಫೋಟ ದುರಂತ' ಮಾಡಿದ್ದೀರಿ. ದಯವಿಟ್ಟು ಬೇಡ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ ಇಳಿದಿತ್ತು. ತಳದ ಬಂಡೆಯ ಕಾವು 60 ಡಿಗ್ರಿ ಸೆಲ್ಸಿಯಸ್ ಮೀರಿತ್ತು. ಅಷ್ಟು ಆಳದಲ್ಲಿ ಅಗೆದ ಜಾಗದ ಬಂಡೆ ಮೇಲಿನ ಭಾರ ತಾಳದೆ ಒಮ್ಮೆಲೇ ಸಿಡಿಯುತ್ತದೆ. ಆ ಅದುರು ನೆಲದ ಮೇಲಿನ ಕಾರ್ಮಿಕರ ಸಾಲುಮನೆಗಳಿಗೂ, ಆ ಲೈನ್ ಮನೆಗಳಿಗೂ ಮುಟ್ಟುತ್ತಿತ್ತು. ಯಾರೂ ಬಂದು ಹೇಳುವ ಮೊದಲೇ ಹೆಂಗಸರಿಗೆ ಗೊತ್ತಾಗುತ್ತಿತ್ತು. ಅಜ್ಜಿಯ ಮೂರು ಪದಗಳಲ್ಲಿ ಇಷ್ಟೆಲ್ಲ ಇದೆ. ಆ ರಾತ್ರಿ ಅವರು ಗಣಿಗಿಳಿಯುವ ಬಾವಿಯ, ಆ ಶಾಫ್ಟ್ ಹತ್ತಿರ ಹೋದರೇ? ಜನರನ್ನು ಇಳಿಸಿ ಏರಿಸುವ ಕೇಜ್ ಮೇಲೆ ಬರುವವರೆಗೆ ಜೊತೆಗೆ ಯಾರಿದ್ದರು? ಮಣ್ಣಿಗೆ ಯಾರು ಬಂದರು? ಕೇಳಿ. ಅವರಿಗೆ ಎಂಬತ್ತೇಳು ಎಂದು ನೀವೇ ಬರೆದಿದ್ದೀರಿ, ತಡ ಮಾಡಬೇಡಿ.

ದೊಡ್ಡಜ್ಜ 'ಕೆಮ್ಮಿ ಕೆಮ್ಮಿ ಹೋದರು' ಎಂದು ಅರ್ಧ ಸಾಲಿನಲ್ಲಿ ದಾಟಿದ್ದೀರಿ. ಕಲ್ಲಿನ ಧೂಳು ಕುಡಿದ ಪುಪ್ಪುಸದ ಕಾಯಿಲೆ ಸಿಲಿಕೋಸಿಸ್ ಇರಬಹುದೇ, ಮನೆಯವರನ್ನು ವಿಚಾರಿಸಿ ನೋಡಿ.

ಬಂಗಾರಪೇಟೆಗೆ ಹೋಗಿ ಮಾರಿಕುಪ್ಪಂ ರೈಲು ಹಿಡಿಯಿರಿ, ಅಜ್ಜಿಗೆ ಶಕ್ತಿಯಿದ್ದರೆ ಅವರನ್ನೂ ಕರೆದುಕೊಂಡು. ಹುಣಸೆ ಮರ ಸಿಗದಿದ್ದರೂ ಚಿಂತೆಯಿಲ್ಲ. ಅವರು ಎಲ್ಲಿ ನಿಂತರು, ಯಾವ ಕಡೆಗೆ ಕೈ ತೋರಿಸಿದರು, ಅಷ್ಟನ್ನು ಬರೆಯಿರಿ. ಅವರ ಮಾತಿನಲ್ಲಿ ತೆಲುಗು, ತಮಿಳು ಬೆರೆತಿದ್ದರೆ ಹಾಗೇ ಇರಲಿ, ನಮ್ಮ ಓದುಗರೂ ಹಾಗೇ ಮಾತಾಡುವವರು. ಆರು ಪುಟ ಸಾಕು. ಯುಗಾದಿ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

ನಿಮ್ಮ,
ಸಂಪಾದಕ, ಹೊಸೂರು