ಮಾತ್ರೆ ಬೇಕಾದರೆ ತಗೊಳ್ಳಿ, ಮದುವೆಯ ಗಡುವಿಗಾಗಿ ಬೇಡ

ಪತ್ರ: ಸಂಪಾದಕರಿಗೆ ನಮಸ್ಕಾರ. ನಾನು ಹಾವೇರಿ ಜಿಲ್ಲೆಯ ಒಂದು ಹಳ್ಳಿ ಶಾಲೆಯಲ್ಲಿ ಶಿಕ್ಷಕಿ. ವಯಸ್ಸು 26. ಕಾಲೇಜಿನಲ್ಲಿದ್ದಾಗ ತಲೆಯಲ್ಲಿ ರೂಪಾಯಿ ಅಗಲದ ಬೋಳು ಕಂಡು ತಾನಾಗಿಯೇ ಹೋಗಿತ್ತು. ಎರಡು ವರ್ಷದ ಹಿಂದೆ ಮತ್ತೆ ಶುರುವಾಗಿ ಈಗ ತಲೆ ಪೂರ್ತಿ ಬೋಳಾಗಿದೆ. ಹುಬ್ಬು, ರೆಪ್ಪೆಗೂದಲೂ ಇಲ್ಲ. ಮೊದಲು ಒಬ್ಬರು ಕೊಟ್ಟ ಸ್ಟಿರಾಯ್ಡ್ ಮಾತ್ರೆಗೆ ಕೂದಲು ಬಂತು, ಮುಖ ಊದಿತು. ನಿಲ್ಲಿಸಿದ ಮೇಲೆ ಎಲ್ಲ ಉದುರಿತು. ಈಗ ಹುಬ್ಬಳ್ಳಿಯ ಚರ್ಮದ ಡಾಕ್ಟರು ಇದು ಅಲೋಪೇಶಿಯಾ ಏರಿಯೇಟಾ ಎಂದು ಹೇಳಿ, ಬ್ಯಾರಿಸಿಟಿನಿಬ್ ಎಂಬ ಹೊಸ ಮಾತ್ರೆ ಸೂಚಿಸಿದ್ದಾರೆ. ಅದರಿಂದ ಕ್ಯಾನ್ಸರ್ ಬರುತ್ತದೆ ಎಂದು ಕಾಕಾ ಹೆದರಿಸುತ್ತಾರೆ. ಅವ್ವ ಮಾತ್ರ ‘ಲಗೂನ ಚಾಲೂ ಮಾಡು, ಯುಗಾದಿಯೊಳಗ ಕೂದಲ ಬಂದ್ರ ಕನ್ಯಾ ತೋರಸೂಣು’ ಅನ್ನುತ್ತಾಳೆ. ಬರದಿದ್ದರೆ ವಿಗ್ ಹಾಕಿ ಕೂಡಿಸೋಣ, ಗಂಡಿನ ಕಡೆಯವರಿಗೆ ಹೇಳುವುದು ಬೇಡ ಎಂದು ಮನೆಯಲ್ಲಿ ಮಾತಾಗಿದೆ. ಅಣ್ಣನ ಮಗಳಿಗೆ ದಿನಾ ನಾನೇ ಹೆರಳು ಹಾಕುತ್ತಿದ್ದೆ. ಈಗ ವೈನಿ ಹಣಗಿಯನ್ನು ನನ್ನ ಕೈಗೆ ಸಿಗದ ಹಾಗೆ ಎತ್ತಿಡುತ್ತಾರೆ. ನಾನೇನು ಮಾಡಲಿ? ಶಾಲೆಯ ಮಕ್ಕಳು ಕೇಳಿದರೆ ಏನು ಹೇಳಲಿ? (ಹೆಸರು ಬೇಡ)

ಉತ್ತರ:

ತಂಗೀ,

ನಿಮ್ಮ ಪತ್ರದಲ್ಲಿ ಮಾತ್ರೆಯ ಪ್ರಶ್ನೆ ಮತ್ತು ಮದುವೆಯ ಪ್ರಶ್ನೆ ಒಂದಕ್ಕೊಂದು ಗಂಟು ಬಿದ್ದಿವೆ. ಮೊದಲು ಮಾತ್ರೆ, ಆಮೇಲೆ ಕೂದಲು, ಆಮೇಲೆ ಮದುವೆ ಎಂದು ಮನೆಯವರು ಲೆಕ್ಕ ಹಾಕಿದ್ದಾರೆ. ಈ ಔಷಧ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದರೆ ಆ ಲೆಕ್ಕ ಯಾಕೆ ಕೂಡುವುದಿಲ್ಲ ಎಂಬುದು ನಿಮಗೇ ಗೊತ್ತಾಗುತ್ತದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಹಣಗಿಯ ಮಾತು, ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಟ್ಟಿದ್ದು ಅದೇ. ಇದು ಅಂಟುವ ರೋಗ ಅಲ್ಲ. ಹುಳ ತಿಂದಿದ್ದಲ್ಲ, ಹುಳುಕಡ್ಡಿಯೂ ಅಲ್ಲ. ಸೋಂಕಿನಿಂದ ನಮ್ಮನ್ನು ಕಾಯಬೇಕಾದ ರಕ್ತದ ಟಿ ಕಣಗಳು ಕೂದಲ ಬುಡವನ್ನೇ ಶತ್ರು ಎಂದು ತಿಳಿದು ಸುತ್ತುವರಿಯುತ್ತವೆ, ಕೂದಲು ಕಳಚಿ ಬೀಳುತ್ತದೆ. ನೂರು ಜನರಲ್ಲಿ ಸುಮಾರು ಇಬ್ಬರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಇದು ಬರುತ್ತದೆ. ಬಹಳ ಮಂದಿಗೆ ಒಂದೆರಡು ಬೋಳು ಕಂಡು ವರ್ಷದೊಳಗೆ ಹೋಗಿಬಿಡುತ್ತದೆ, ನಿಮಗೆ ಕಾಲೇಜಿನಲ್ಲಿ ಆದ ಹಾಗೆ. ಕೆಲವರಿಗೆ ಮಾತ್ರ ಇಡೀ ತಲೆಗೆ, ಮೈಗೆ ಹಬ್ಬುತ್ತದೆ. ನೀವು ತಲೆ ಬಾಚಿದರೆ ಆ ಕೂಸಿಗೆ ಏನೂ ಆಗುವುದಿಲ್ಲ. ಈ ಪುಟವನ್ನು ವೈನಿಯವರ ಕೈಗೆ ಕೊಡಿ. ನಿಮ್ಮ ಬಾಯಿಂದ ಹೇಳುವುದು ಕಷ್ಟ ಅನಿಸಿದರೆ ಅಣ್ಣನಿಂದ ಓದಿಸಿ.

ಒಳ್ಳೆಯ ಸುದ್ದಿ ಏನೆಂದರೆ ಈ ಕಾಯಿಲೆಯಲ್ಲಿ ಕೂದಲ ಬುಡ ಸಾಯುವುದಿಲ್ಲ. ಬೇಸಿಗೆಯಲ್ಲಿ ನಮ್ಮ ಎರಿ ಹೊಲದ ಮೇಲೆ ಒಂದು ಎಳೆ ಕರಿಕೆ ಕಾಣದಿದ್ದರೂ ಬೇರು ಒಳಗೆ ಇದ್ದೇ ಇರುತ್ತದಲ್ಲ, ಹಾಗೆ. ಹೊಸ ಮಾತ್ರೆಗಳು ಇದನ್ನೇ ನಂಬಿಕೊಂಡಿವೆ. ಟಿ ಕಣಗಳಿಗೆ ‘ದಾಳಿ ಮುಂದುವರಿಸು’ ಎಂಬ ಸಂದೇಶ ದಾಟಿಸುವ ಕಿಣ್ವಗಳಿಗೆ ಜಾಕ್ ಎಂದು ಹೆಸರು. ಮಾತ್ರೆ ಆ ಸಂದೇಶವನ್ನು ತಡೆಯುತ್ತದೆ. 2014ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವೈದ್ಯರು, ಸೋರಿಯಾಸಿಸ್ ಎಂಬ ಚರ್ಮರೋಗದ ಜೊತೆಗೆ ಮೈಯ ಕೂದಲೆಲ್ಲ ಉದುರಿದ್ದ 25 ವರ್ಷದ ಒಬ್ಬನಿಗೆ ಇದೇ ಗುಂಪಿನ ಟೊಫಾಸಿಟಿನಿಬ್ ಕೊಟ್ಟು, ತಲೆ ತುಂಬ ಕೂದಲು ಬಂದದ್ದನ್ನು ವರದಿ ಮಾಡಿದರು. ಅದರ ನಂತರ ದೊಡ್ಡ ಅಧ್ಯಯನಗಳು ನಡೆದವು. ತೀವ್ರ ಅಲೋಪೇಶಿಯಾ ಏರಿಯೇಟಾಕ್ಕೆಂದೇ ಅಮೆರಿಕದಲ್ಲಿ ಮೊದಲು ಒಪ್ಪಿಗೆ ಪಡೆದ ಮಾತ್ರೆ ನಿಮ್ಮ ಡಾಕ್ಟರು ಹೇಳಿದ ಬ್ಯಾರಿಸಿಟಿನಿಬ್, 2022ರ ಜೂನ್‌ನಲ್ಲಿ. ಹನ್ನೆರಡು ದಾಟಿದ ಮಕ್ಕಳಿಗೂ ಕೊಡಬಹುದಾದ ರಿಟ್ಲೆಸಿಟಿನಿಬ್ 2023ರಲ್ಲಿ ಬಂತು. ಅಂದರೆ ನಿಮಗೆ ಹೇಳಿರುವುದು ಯಾರದೋ ಪ್ರಯೋಗ ಅಲ್ಲ. ಸರಿಯಾದ ದಾರಿಯಲ್ಲೇ ಇದ್ದೀರಿ.

ಈಗ ಅಂಕಿ ನೋಡಿ. ಅರ್ಧ ತಲೆಗಿಂತ ಹೆಚ್ಚು ಕೂದಲು ಹೋಗಿದ್ದ 1,200 ಮಂದಿಯ ಮೇಲೆ ಎರಡು ಅಧ್ಯಯನ ನಡೆದವು. ದಿನಕ್ಕೆ 4 ಮಿಲಿಗ್ರಾಂ ತಗೊಂಡವರಲ್ಲಿ ನೂರಕ್ಕೆ 36ರಿಂದ 39 ಮಂದಿಗೆ 36 ವಾರಗಳ ಹೊತ್ತಿಗೆ ತಲೆಯ ಕನಿಷ್ಠ ಶೇ 80ರಷ್ಟು ಭಾಗ ಕೂದಲಿನಿಂದ ಮುಚ್ಚಿತ್ತು. ಔಷಧವಿಲ್ಲದ ಖಾಲಿ ಮಾತ್ರೆ ತಗೊಂಡವರಲ್ಲಿ ಮೂರರಿಂದ ಆರು ಮಂದಿಗೆ ಮಾತ್ರ. ದೊಡ್ಡ ವ್ಯತ್ಯಾಸವೇ. ಆದರೆ ಇನ್ನುಳಿದ ಅರವತ್ತಕ್ಕೂ ಹೆಚ್ಚು ಮಂದಿಗೆ ಅಷ್ಟೊತ್ತಿಗೆ ಅಷ್ಟು ಬಂದಿರಲಿಲ್ಲ ಎಂಬುದನ್ನೂ ಮರೆಯಬೇಡಿ. ನಿಮ್ಮ ಹಾಗೆ ಪೂರ್ತಿ ಬೋಳಾದವರಲ್ಲಿ ಫಲ ಇನ್ನೂ ಕಡಿಮೆ. ನಿಮ್ಮ ಪರವಾಗಿರುವ ಒಂದು ಅಂಶವೆಂದರೆ ಈ ಸಲದ ಕಾಯಿಲೆ ಎರಡೇ ವರ್ಷದ್ದು. ನಾಲ್ಕು ವರ್ಷದೊಳಗಿನವರಿಗೆ ಔಷಧ ಚೆನ್ನಾಗಿ ಹಿಡಿಯುತ್ತದೆ. ಹಾಗಾಗಿ ತಗೊಳ್ಳುವ ಮನಸ್ಸಿದ್ದರೆ ವರ್ಷಗಟ್ಟಲೆ ಮುಂದೂಡಬೇಡಿ.

36 ವಾರ ಅಂದರೆ ಎಂಟು ತಿಂಗಳಿಗೂ ಜಾಸ್ತಿ. ಬಂದ ಕೂದಲೂ ತಿಂಗಳಿಗೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರ್. ಮೊದಲು ಬಿಳಿ ಕೂದಲು ಮೂಡಬಹುದು, ಬಣ್ಣ ಆಮೇಲೆ ಬರುತ್ತದೆ. ಯುಗಾದಿಗೆ ಹೆರಳು ಹಾಕುವಷ್ಟು ಬರುತ್ತದೆ ಎಂದು ಯಾವ ಡಾಕ್ಟರೂ ಮಾತು ಕೊಡಲಾರರು. ಅವ್ವನಿಗೆ ಇದನ್ನು ಈಗಲೇ ಹೇಳಿ. ಇಲ್ಲದಿದ್ದರೆ ದಿನಾ ಬೆಳಗಾದರೆ ನಿಮ್ಮ ತಲೆ ಸವರಿ ನೋಡುತ್ತಾರೆ, ಆ ಒತ್ತಡ ನಿಮಗೆ ಬೇಡ.

ಇನ್ನು ಕಾಕಾ ಹೇಳಿದ ಮಾತು. ಅದು ಸುಮ್ನೆ ಹುಟ್ಟಿದ್ದಲ್ಲ. ಟೊಫಾಸಿಟಿನಿಬ್ ತಗೊಳ್ಳುತ್ತಿದ್ದ ರುಮಟಾಯ್ಡ್ ಸಂಧಿವಾತದ ರೋಗಿಗಳ ಮೇಲೆ ಒಂದು ದೊಡ್ಡ ಅಧ್ಯಯನ ನಡೆಯಿತು. ಅವರೆಲ್ಲ 50 ದಾಟಿದವರು, ಹೃದಯದ ತೊಂದರೆಗೆ ಕಾರಣವಾಗುವ ಏನಾದರೊಂದು ಇದ್ದವರು. ಬೇರೆ ಔಷಧ ತಗೊಂಡವರಿಗಿಂತ ಇವರಲ್ಲಿ ಹೃದಯಾಘಾತ, ಕ್ಯಾನ್ಸರ್, ರಕ್ತ ಹೆಪ್ಪುಗಟ್ಟುವುದು ಹೆಚ್ಚಾಗಿ ಕಂಡವು. ಆಮೇಲೆ 2021ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಬ್ಯಾರಿಸಿಟಿನಿಬ್ ಮೇಲೂ ಅದೇ ಎಚ್ಚರಿಕೆ ಹಾಕಿಸಿತು. ನಿಮಗೆ 26, ಬೇರೆ ಕಾಯಿಲೆ ಬರೆದಿಲ್ಲ. ನಿಮ್ಮ ಅಪಾಯವನ್ನು ಅವರ ಅಪಾಯದ ಜೊತೆ ತೂಗಲಾಗದು. ಹಾಗಂತ ಹಗುರವಾಗಿಯೂ ತಗೊಳ್ಳಬೇಡಿ. ಮನೆಯಲ್ಲಿ ಯಾರಿಗಾದರೂ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಡಾಕ್ಟರಿಗೆ ಹೇಳಿ.

ನಮ್ಮ ಕಡೆ ನನಗೆ ಕ್ಯಾನ್ಸರ್‌ಗಿಂತ ಕ್ಷಯದ ಚಿಂತೆ ಜಾಸ್ತಿ. ಮೈಯಲ್ಲಿ ಸದ್ದಿಲ್ಲದೆ ಕುಳಿತ ಟಿಬಿ, ರೋಗ ತಡೆಯುವ ಶಕ್ತಿ ತಗ್ಗಿದಾಗ ಏಳಬಹುದು. ಮಾತ್ರೆ ಶುರು ಮಾಡುವ ಮೊದಲು ಎದೆಯ ಎಕ್ಸ್‌ರೇ, ಟಿಬಿ ಪರೀಕ್ಷೆ, ಹೆಪಟೈಟಿಸ್ ಪರೀಕ್ಷೆ ಆಗಲೇಬೇಕು. ರಕ್ತಕಣ, ಲಿವರ್, ಕಿಡ್ನಿ, ಕೊಲೆಸ್ಟರಾಲ್ ಮೊದಲೊಮ್ಮೆ ನೋಡಿ, ಆಮೇಲೂ ಆಗಾಗ ನೋಡುತ್ತಿರಬೇಕು. ಥೈರಾಯ್ಡ್ ಕೂಡ ನೋಡಿಸಿ, ಈ ಕಾಯಿಲೆಯ ಜೊತೆ ಅದರ ತೊಂದರೆ ಇರುವುದುಂಟು. ಮೊಡವೆ, ತಲೆನೋವು, ನೆಗಡಿ ಬರಬಹುದು. ಸರ್ಪಸುತ್ತು ಎದ್ದರೆ, ಜ್ವರ ಬಿಡದಿದ್ದರೆ, ಕಾಲು ಒಂದೇ ಕಡೆ ಊದಿ ನೋವಾದರೆ, ಏದುಸಿರು ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಈ ಪರೀಕ್ಷೆಗಳ ಮಾತೇ ಎತ್ತದೆ ಯಾರಾದರೂ ಮಾತ್ರೆ ಬರೆದುಕೊಟ್ಟರೆ ಇನ್ನೊಬ್ಬರನ್ನು ಕೇಳಿ. ಹುಬ್ಬಳ್ಳಿಯ ಸರ್ಕಾರಿ ಕೆಎಂಸಿಆರ್‌ಐ (ಮೊದಲಿನ ಕಿಮ್ಸ್) ಆಸ್ಪತ್ರೆಯಲ್ಲೂ ಧಾರವಾಡ ಹಾದಿಯ ಸತ್ತೂರಿನ ಎಸ್‌ಡಿಎಂ ಆಸ್ಪತ್ರೆಯಲ್ಲೂ ಚರ್ಮರೋಗ ವಿಭಾಗ ಇದೆ. ಬೆಲೆ ಕಂಪನಿಯಿಂದ ಕಂಪನಿಗೆ ಬಹಳ ಬದಲಾಗುತ್ತದೆ, ತಿಂಗಳ ಖರ್ಚನ್ನು ಪರೀಕ್ಷೆಗಳ ಖರ್ಚೂ ಸೇರಿಸಿ ಮೊದಲೇ ಕೇಳಿಕೊಳ್ಳಿ. ಅರ್ಧಕ್ಕೆ ಬಿಡುವುದಾದರೆ ಶುರು ಮಾಡಿ ಪ್ರಯೋಜನವಿಲ್ಲ.

ಯಾಕೆಂದರೆ ಈ ಮಾತ್ರೆ ಕಾಯಿಲೆಯನ್ನು ತಡೆದಿಡುತ್ತದೆ, ಬೇರುಸಹಿತ ಕೀಳುವುದಿಲ್ಲ. ನಿಲ್ಲಿಸಿದವರಲ್ಲಿ ಬಹಳ ಮಂದಿಗೆ ಕೆಲವು ತಿಂಗಳಲ್ಲಿ ಮತ್ತೆ ಉದುರಿದೆ. ಮದುವೆಯ ಲೆಕ್ಕ ತಪ್ಪುವುದು ಇಲ್ಲಿಯೇ. ಗರ್ಭಿಣಿಯಾದಾಗ ಬ್ಯಾರಿಸಿಟಿನಿಬ್ ತಗೊಳ್ಳುವಂತಿಲ್ಲ. ಮೊಲೆಯುಣಿಸುವಾಗಲೂ ಇಲ್ಲ. ಮಗು ಬೇಕೆಂದು ಅಂದುಕೊಳ್ಳುವ ಮೊದಲೇ ನಿಲ್ಲಿಸಬೇಕು. ನಮ್ಮ ಮನೆಗಳಲ್ಲಿ ಮದುವೆಯಾಗಿ ಎರಡು ಹಬ್ಬ ಕಳೆಯುವುದರೊಳಗೆ ‘ಏನರ ವಿಶೇಷ ಐತೇನು?’ ಎಂದು ಕೇಳುತ್ತಾರೆ, ಅಲ್ವಾ? ಆಗ ನೀವು ಮಾತ್ರೆ ಬಿಡಬೇಕು. ಬಿಟ್ಟರೆ, ಬಸುರಿನಲ್ಲೋ ಬಾಣಂತನದಲ್ಲೋ ಕೂದಲು ಹೋಗಬಹುದು. ಏನೂ ಗೊತ್ತಿಲ್ಲದ ಗಂಡ, ಅತ್ತೆಯ ಮುಂದೆ ಅದು ಆದರೆ, ಕಾಯಿಲೆಯ ಜೊತೆಗೆ ಮೋಸ ಮಾಡಿದ ಮಾತೂ ನಿಮ್ಮ ತಲೆಗೇ ಬರುತ್ತದೆ. ಮುಚ್ಚಿಡೋಣ ಎಂದ ಹಿರಿಯರು ಆಗ ನಿಮ್ಮ ಪಕ್ಕದಲ್ಲಿ ಇರುವುದಿಲ್ಲ.

ವಿಗ್ ಹಾಕಿ ಮದುವೆ ಮಾಡುವುದೂ ಅವ್ವ ಅಂದುಕೊಂಡಷ್ಟು ಸುಲಭ ಇಲ್ಲ. ಸುರಗಿ ಸುತ್ತಿ ಕೂಡಿಸಿ, ಮುತ್ತೈದೆಯರು ಅರಿಶಿಣ ಹಚ್ಚಿ ತಲೆ ಮೇಲೆ ನೀರು ಸುರಿಯುವಾಗ ಏನು ಮಾಡುತ್ತೀರಿ? ದಂಡಿ ಕಟ್ಟಲು ಬಂದ ನಾದಿನಿಯ ಕೈ ತಡೆಯುತ್ತೀರಾ? ಮದುವೆಯ ದಿನ ಇಡೀ ನಿಮ್ಮ ಜೀವ ಅಂಗೈಯಲ್ಲಿರುತ್ತದೆ. ನನ್ನ ಮಾತು ಸ್ಪಷ್ಟ: ಹುಡುಗನಿಗೆ ನೀವೇ ಹೇಳಿ, ನಿಶ್ಚಯಕ್ಕೆ ಮೊದಲು. ಫೋಟೊ ಕಳಿಸುವಾಗಲೇ ಊರಿಗೆಲ್ಲ ಸಾರಬೇಕಿಲ್ಲ. ಮಾತು ಮುಂದುವರಿಯುತ್ತದೆ ಅನಿಸಿದಾಗ, ಅವನೊಬ್ಬನೇ ಇದ್ದಾಗ, ಕಾಯಿಲೆಯ ಹೆಸರು, ಮಾತ್ರೆ, ಮಗುವಿನ ಸಮಯದಲ್ಲಿ ಏನಾಗಬಹುದು, ಎಲ್ಲ ಹೇಳಿ. ಮಕ್ಕಳಿಗೆ ಬರುತ್ತದಾ ಎಂದು ಕೇಳಿದರೆ, ಮನೆತನದಲ್ಲಿ ಸ್ವಲ್ಪ ಹರಿಯುತ್ತದೆ, ಆದರೆ ಇದು ಇದ್ದವರ ಹೆಚ್ಚಿನ ಮಕ್ಕಳಿಗೆ ಬರುವುದಿಲ್ಲ ಎಂಬುದೇ ನಿಜವಾದ ಉತ್ತರ. ಕೆಲವರು ಎದ್ದು ಹೋಗುತ್ತಾರೆ. ಬೇಜಾರಾಗುತ್ತದೆ. ಆದರೂ ಹೋಗುವವರು ನಿಶ್ಚಯಕ್ಕೆ ಮೊದಲೇ ಹೋಗಲಿ.

ಅವ್ವನ ಮೇಲೆ ಸಿಟ್ಟು ಮಾಡಬೇಡಿ. ಬೋಳು ತಲೆಯ ಹೆಂಗಸನ್ನು ನಮ್ಮ ಊರುಗಳು ಹೇಗೆ ನಡೆಸಿಕೊಂಡವು ಎಂದು ಅವರು ಸಣ್ಣವರಿದ್ದಾಗ ನೋಡಿರುತ್ತಾರೆ ಅಥವಾ ಕೇಳಿರುತ್ತಾರೆ. ಆ ಹೆದರಿಕೆ ಅವರಿಂದ ಇದನ್ನೆಲ್ಲ ಮಾಡಿಸುತ್ತಿದೆ. ಒಂದು ಮಾತ್ರ ಖಡಾಖಂಡಿತ ಬೇಡ ಅನ್ನಿ: ಗುಲಗಂಜಿ ಅರೆದು ತಲೆಗೆ ಹಚ್ಚುವುದು. ನಮ್ಮ ಕಡೆ ಇದನ್ನು ಹೇಳುವವರು ಇದ್ದೇ ಇರುತ್ತಾರೆ. ಆ ಬೀಜ ವಿಷ, ಅಗಿದು ನುಂಗಿದರೆ ಜೀವವೇ ಹೋಗಬಹುದು. ಮನೆಯಲ್ಲಿ ಸಣ್ಣ ಕೂಸೂ ಇದೆ.

ರೆಪ್ಪೆಗೂದಲು ಇಲ್ಲದವರಿಗೆ ಧೂಳು ನೇರ ಕಣ್ಣಿಗೆ ಬೀಳುತ್ತದೆ. ಬಸ್ಸಿನಲ್ಲಿ ಓಡಾಡುವಾಗ ಪವರ್ ಇಲ್ಲದಿದ್ದರೂ ಒಂದು ಅಗಲ ಕನ್ನಡಕ ಹಾಕಿ. ಬಿಸಿಲಿಗೆ ಬೋಳು ತಲೆ ಬೇಗ ಸುಡುತ್ತದೆ, ತೆಳು ಹತ್ತಿ ಬಟ್ಟೆ ಕಟ್ಟಿ. ಏಪ್ರಿಲ್ ಸೆಕೆಯಲ್ಲಿ ವಿಗ್ ಕಷ್ಟ, ಒಳಗೆ ಬೆವರು ಇಳಿದು ತುರಿಸುತ್ತದೆ. ಬೇಕಾದ ದಿನ ಹಾಕಿ, ಬೇಡವಾದ ದಿನ ಬಿಡಿ. ಅಮೆರಿಕದ ಸಂಸದೆ ಅಯಾನಾ ಪ್ರೆಸ್ಲಿ 2020ರ ಜನವರಿಯಲ್ಲಿ ವಿಗ್ ತೆಗೆದು ತಮ್ಮ ಬೋಳು ತಲೆಯನ್ನು ಎಲ್ಲರಿಗೂ ತೋರಿಸಿದರು. ನೀವೂ ಹಾಗೇ ಮಾಡಿ ಎಂದು ನಾನು ಹೇಳುತ್ತಿಲ್ಲ. ಮುಚ್ಚುವುದೋ ಬಿಡುವುದೋ ನಿಮ್ಮ ಇಷ್ಟ, ದಿನಾ ಬದಲಾದರೂ ತಪ್ಪಿಲ್ಲ. ರಾತ್ರಿ ನಿದ್ದೆ ಬರದಿದ್ದರೆ, ಯಾರ ಜೊತೆಗೂ ಮಾತು ಬೇಡ ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೂ ಹೋಗಬಹುದು. ಕೂದಲು ಹೋದ ದುಃಖ ಸಣ್ಣದಲ್ಲ, ಅದಕ್ಕೆ ನೆರವು ಕೇಳಲು ನಾಚಬೇಡಿ.

ಶಾಲೆಯ ವಿಷಯ ಸುಲಭ. ಮೊದಲು ಹೆಡ್‌ಮಾಸ್ತರಿಗೆ ಹೇಳಿಡಿ, ಯಾರಾದರೂ ಪಾಲಕರು ಬಂದು ಕೇಳಿದರೆ ಅವರು ಉತ್ತರ ಕೊಡಲಿ. ಮಕ್ಕಳು ‘ಟೀಚರ್, ನಿಮ್ಮ ಕೂದಲ ಎಲ್ಲಿ ಹೋತ್ರಿ?’ ಎಂದು ಕೇಳಿದಾಗ ನಿಮ್ಮ ಊರ ಮಾತಿನಲ್ಲೇ ಹೇಳಿ: ‘ನನ್ನ ರಕ್ತದಾಗಿನ ಕಾವಲು ಕಣಗಳು ತಪ್ಪು ತಿಳಕೊಂಡು ಕೂದಲ ಉದುರಿಸ್ಯಾವು. ನೋವಿಲ್ಲ, ನಿಮಗ ಅಂಟೂದಿಲ್ಲ. ಔಷಧ ತಗೊಳ್ಳಾಕ ಹತ್ತೀನಿ.’ ಇನ್ನೂ ಕೇಳಿದರೆ ಇನ್ನೂ ಹೇಳಿ. ಏಳನೆಯ ತರಗತಿಯವರಿಗಾದರೆ ರಕ್ತದ ಬಿಳಿ ಕಣಗಳ ಪಾಠವನ್ನೇ ಅಲ್ಲಿಂದ ಶುರು ಮಾಡಬಹುದು.