34ಕ್ಕೆ ರಾಜನಾದ ಪೈಲ್ವಾನ

ಸ್ವಿಟ್ಜರ್ಲೆಂಡಿನ ಪೈಲ್ವಾನ ಕ್ರಿಸ್ಟಿಯಾನ್ ಸ್ಟುಕಿ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಬರಹ ನಿಮಗೆ ಹಿಡಿಸಲಿಲ್ಲ. 'ಒಲಿಂಪಿಕ್ಸ್‌ಗೆ ಹೋದವರಲ್ಲ, ರಾಜನ ಪಟ್ಟ ಗೆದ್ದದ್ದು ಒಂದೇ ಸಲ, ಅದೂ 34ನೇ ವಯಸ್ಸಿನಲ್ಲಿ. ಇಷ್ಟು ಹೊಗಳಬೇಕಿತ್ತೇ?' ಎಂದು ನಿಮ್ಮ ಪತ್ರದಲ್ಲಿ ಕೇಳಿದ್ದೀರಿ. ಬೇಕಿತ್ತು ಅಂತಲೇ ನನ್ನ ಅಭಿಪ್ರಾಯ.

ಸ್ಟುಕಿ ಆಡಿದ್ದು ಶ್ವಿಂಗೆನ್, ಅಂದರೆ ಸ್ವಿಸ್ ನಾಡಕುಸ್ತಿ. ಅದು ಒಲಿಂಪಿಕ್ಸ್‌ನಲ್ಲಿ ಇಲ್ಲವೇ ಇಲ್ಲ. ಅಖಾಡಕ್ಕೆ ಮರದ ಹೊಟ್ಟು ಹಾಸಿರುತ್ತಾರೆ. ಇಬ್ಬರೂ ಪ್ಯಾಂಟಿನ ಮೇಲೆ ದಪ್ಪ ಬಟ್ಟೆಯ ಚಡ್ಡಿ ತೊಡುತ್ತಾರೆ. ಎದುರಾಳಿಯ ಚಡ್ಡಿಯ ಹಿಡಿತ ಬಿಡದೆಯೇ ಅವನ ಬೆನ್ನು ನೆಲಕ್ಕೆ ತಾಗಿಸಬೇಕು. ಗೆದ್ದವನು ಸೋತವನ ಬೆನ್ನಿಗೆ ಅಂಟಿದ ಹೊಟ್ಟು ತಟ್ಟಿ ಒರೆಸಬೇಕು. ನನಗೆ ತುಂಬಾ ಇಷ್ಟವಾದ ಪದ್ಧತಿ ಇದು. ತೂಕದ ವಿಭಾಗಗಳಿಲ್ಲ. ನಗದು ಬಹುಮಾನವೂ ಇಲ್ಲ. ದೇಶದ ಅತಿ ದೊಡ್ಡ ಕೂಟ ಗೆದ್ದವನನ್ನು 'ರಾಜ' ಅಂತ ಕರೆಯುತ್ತಾರೆ, ಅವನಿಗೆ ಒಂದು ಹೋರಿ ಸಿಗುತ್ತದೆ. ಅದು ಬೇಡವೆಂದರೆ ಅದರ ಬೆಲೆ ಪಡೆಯಬಹುದು.

'ಒಂದೇ ಸಲ' ಅಂದಿರಲ್ಲ, ಆ ಪಟ್ಟದ ಕೂಟ ನಡೆಯುವುದೇ ಮೂರು ವರ್ಷಕ್ಕೊಮ್ಮೆ. ಒಂದು ಸಲ ಕೈತಪ್ಪಿದರೆ ಮತ್ತೆ ಮೂರು ವರ್ಷ ಕಾಯಬೇಕು. ಸ್ಟುಕಿ ಬರ್ನ್ ಪ್ರಾಂತ್ಯದವರು, ಆರೂವರೆ ಅಡಿ ಎತ್ತರ, ಸುಮಾರು 150 ಕಿಲೋ ತೂಕ. ಲಾರಿ ಓಡಿಸಿ ದುಡಿದವರು. 2013ರಲ್ಲಿ ಬುರ್ಗ್‌ಡೋರ್ಫ್‌ನಲ್ಲಿ ಫೈನಲ್‌ವರೆಗೆ ಬಂದು ಮಥಿಯಾಸ್ ಸೆಂಪಾಖ್ ಎದುರು ಸೋತರು. ಸೋತ ಕೂಡಲೇ, ಇನ್ನೂ ಹೊಟ್ಟಿನ ಮೇಲಿರುವಾಗಲೇ, ಗೆದ್ದವನ ತಲೆಗೆ ಮುತ್ತು ಕೊಟ್ಟರು. ತಮ್ಮ ಕೈತಪ್ಪಿದ ಪಟ್ಟ ಗೆಳೆಯನಿಗೆ ಸಿಕ್ಕಾಗ ಹೀಗೆ ನಡೆದುಕೊಳ್ಳುವುದು ಸುಲಭವಲ್ಲ. ಆ ದೇಶದ ಜನ ಅವರನ್ನು ಜಾಸ್ತಿ ಹಚ್ಚಿಕೊಂಡದ್ದು ಆ ಸೋಲಿನ ದಿನದಿಂದಲೇ ಅಂತ ನನಗನ್ನಿಸುತ್ತದೆ.

2019ರಲ್ಲಿ ತ್ಸೂಗ್ ಊರಿನಲ್ಲಿ ಮತ್ತೆ ಫೈನಲ್. 56,000ಕ್ಕೂ ಹೆಚ್ಚು ಜನ ಕೂರುವ ಅಖಾಡ. ಎದುರಿಗೆ 22ರ ಹರೆಯದ ಯೋಯೆಲ್ ವಿಕಿ. ಎರಡು ದಿನ ಹೊಡೆದಾಡಿ ಬಂದ ದೇಹಕ್ಕೆ 34ನೇ ವಯಸ್ಸು ಕಡಿಮೆ ಭಾರವಲ್ಲ, ಅಲ್ವಾ? ಆದರೆ ಒಂದು ನಿಮಿಷ ಆಗುವುದರೊಳಗೆ ವಿಕಿ ಚಿತ್! ಅಷ್ಟು ದೊಡ್ಡ ವಯಸ್ಸಿನಲ್ಲಿ ಅದುವರೆಗೆ ಯಾರೂ ರಾಜನಾಗಿರಲಿಲ್ಲ. ಆ ವರ್ಷ ದೇಶದ ಅತ್ಯುತ್ತಮ ಕ್ರೀಡಾಪಟು ಪ್ರಶಸ್ತಿಯೂ ಅವರಿಗೇ ಬಂತು.

ಇನ್ನೊಂದು ವಿಷಯವನ್ನು ನಾವು ಆ ಬರಹದಲ್ಲಿ ಚುಟುಕಾಗಿ ಮುಗಿಸಿದ್ದೆವು. ಶ್ವಿಂಗೆನ್‌ನಲ್ಲಿ ಇನ್ನೆರಡು ದೊಡ್ಡ ಕೂಟಗಳಿವೆ: ಕಿಲ್ಶ್‌ಬರ್ಗ್ ಮತ್ತು ಉನ್‌ಸ್ಪುನ್ನನ್. ಅವು ಬರುವುದು ಸಾಮಾನ್ಯವಾಗಿ ಆರು ವರ್ಷಕ್ಕೊಮ್ಮೆ. ಸ್ಟುಕಿ 2008ರಲ್ಲಿ ಮೊದಲನೆಯದನ್ನು, 2017ರಲ್ಲಿ ಎರಡನೆಯದನ್ನು ಗೆದ್ದಿದ್ದರು. ಅವರಿಗೂ ಮುಂಚೆ ಈ ಮೂರನ್ನೂ ಗೆದ್ದವರು ಯೋರ್ಗ್ ಅಬ್ಡರ್‌ಹಾಲ್ಡನ್ ಒಬ್ಬರೇ. ಮೊದಲ ದೊಡ್ಡ ಗೆಲುವಿಗೂ ಕೊನೆಯದಕ್ಕೂ ನಡುವೆ 11 ವರ್ಷ. ಅಷ್ಟು ಕಾಲ ಮೈಮುರಿದು ಅಭ್ಯಾಸ ಮಾಡುತ್ತಾ, ಮೇಲೇರಿ ಬರುವ ಹುಡುಗರನ್ನು ಎದುರಿಸಿ ನಿಂತವರನ್ನು ಚಾಂಪಿಯನ್ ಅಂತ ಕರೆಯಲು ನನಗಂತೂ ಹಿಂಜರಿಕೆಯಿಲ್ಲ. 2023ರಲ್ಲಿ ಅವರು ಅಖಾಡಕ್ಕೆ ವಿದಾಯ ಹೇಳಿದರು.

— ಸಂಪಾದಕ